ಅಢಾವೆ ಪತ್ರಿಕೆಗೆ ಕಾಣದ ಸಾಲ
ನಲ್ಲಿ, ಗೀಸರ್, ಎ.ಸಿ.ಗಳ ನಿರ್ವಹಣೆ ಕುರಿತು ವ್ಯಾಪಾರಸ್ಥರು ಯೋಚಿಸಬೇಕಾದ ಕೆಲವು ಸಂಗತಿಗಳು

ಮಾರ್ಚ್ ತಿಂಗಳ ಕೊನೆಯ ವಾರ ಬಂದಿತೆಂದರೆ ವ್ಯಾಪಾರಸ್ಥರ ಗಮನವೆಲ್ಲ ಲೆಕ್ಕದ ಕಡೆಗೆ ತಿರುಗುತ್ತದೆ. ದಾಸ್ತಾನಿನ ಎಣಿಕೆ ನಡೆಯುತ್ತದೆ. ಬರಬೇಕಾದ ಬಾಕಿ, ಕೊಡಬೇಕಾದ ಬಾಕಿಗಳು ತಾಳೆಯಾಗುತ್ತವೆ. ಬ್ಯಾಂಕು ನೂರು ರೂಪಾಯಿ ಬಡ್ಡಿಯನ್ನು ಹೆಚ್ಚಾಗಿ ಹಾಕಿದ್ದರೂ ಆಕ್ಷೇಪಣೆಯ ಪತ್ರ ಹೋಗುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ನೋಡುವ ಅದೇ ವ್ಯಾಪಾರಿಯ ಅಂಗಡಿಯ ಹಿಂಭಾಗದ ಶೌಚಾಲಯದಲ್ಲಿ ಫ್ಲಶ್ ಟ್ಯಾಂಕು ಆರು ತಿಂಗಳಿಂದ ಸದ್ದಿಲ್ಲದೆ ಸೋರುತ್ತಿರುತ್ತದೆ. ಮಾಳಿಗೆಯ ಮೇಲಿನ ಮನೆಯಲ್ಲಿ ಗೀಸರ್ ನೀರು ಕಾಯಿಸಲು ಮೊದಲಿಗಿಂತ ಬಹಳ ಹೊತ್ತು ತೆಗೆದುಕೊಳ್ಳುತ್ತಿರುತ್ತದೆ. ಗಲ್ಲಾಪೆಟ್ಟಿಗೆಯ ಮೇಲ್ಗಡೆಯ ಎ.ಸಿ.ಯಿಂದ ಗೋಡೆಗೆ ನೀರಿಳಿದು ಬೂಷ್ಟು ಹಿಡಿದಿರುತ್ತದೆ. ಇವುಗಳಲ್ಲಿ ಒಂದೂ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.

ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ದುರ್ಗದಬೈಲು, ದಾವಣಗೆರೆಯ ಮಂಡಿಪೇಟೆ, ಹೀಗೆ ರಾಜ್ಯದ ಯಾವ ಹಳೆಯ ಪೇಟೆಗೆ ಹೋದರೂ ಕೆಳಗೆ ಅಂಗಡಿ, ಮೇಲೆ ಮನೆ ಅಥವಾ ಉಗ್ರಾಣ ಇರುವ ಕಟ್ಟಡಗಳು ಕಾಣಸಿಗುತ್ತವೆ. ಸಂಪು ಒಂದೇ, ಮೋಟಾರು ಒಂದೇ, ಮೇಲಿನ ತೊಟ್ಟಿಯೂ ಒಂದೇ. ಇಂತಹ ಕಡೆ ಮನೆಯ ದುರಸ್ತಿ ಬೇರೆ, ವ್ಯಾಪಾರದ ದುರಸ್ತಿ ಬೇರೆ ಎಂದು ವಿಂಗಡಿಸುವುದು ಸುಲಭವಲ್ಲ. ಮೇಲಿನ ಬಚ್ಚಲಿನ ಸೋರಿಕೆ ಕೆಳಗಿನ ಜವಳಿಯ ಬೇಲನ್ನು ತೋಯಿಸುತ್ತದೆ. ಆದುದರಿಂದ ಮನೆಯ ಕೊಳಾಯಿ, ಬಿಸಿನೀರು, ತಂಪುಯಂತ್ರಗಳ ಪಾಲನೆ ಗೃಹಕೃತ್ಯದ ವಿಷಯ ಮಾತ್ರವೆಂದು ವ್ಯಾಪಾರಿಗಳು ತಿಳಿಯಬಾರದು. ಮುಂದೂಡಿದ ದುರಸ್ತಿಯೆಂಬುದು ಒಂದು ಸಾಲ. ಸಾಲಪತ್ರವಿಲ್ಲ, ಸಾಲಗಾರನ ಕಾಟವಿಲ್ಲ. ಆದರೆ ಬಡ್ಡಿ ಮಾತ್ರ ದಿನವೂ ಏರುತ್ತಿರುತ್ತದೆ.

ನೀರು: ಕೇಳುವ ಹನಿ, ಕೇಳದ ಹರಿವು

ಸೋರುವ ನಲ್ಲಿಯ ಹನಿ ಎಲ್ಲರ ಕಿವಿಗೂ ಬೀಳುತ್ತದೆ, ರಾತ್ರಿ ನಿದ್ದೆಯನ್ನೂ ಕೆಡಿಸುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ದಿನಕ್ಕೆ ಹೋಗುವುದು ಸುಮಾರು 4.3 ಲೀಟರ್, ವರ್ಷಕ್ಕೆ ಸುಮಾರು 1,575 ಲೀಟರ್. ಫ್ಲಶ್ ಟ್ಯಾಂಕಿನ ಒಳಗಿನ ರಬ್ಬರ್ ಸವೆದು ಐದು ನಿಮಿಷಕ್ಕೆ ಒಂದು ಲೀಟರಿನಂತೆ ನೀರು ಕಮೋಡಿನ ಗೋಡೆಗುಂಟ ಇಳಿಯುತ್ತಿದ್ದರೆ ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಅದರ ಲೆಕ್ಕ ದಿನಕ್ಕೆ 288 ಲೀಟರ್, ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮೇಲೆ. ಅಂದರೆ ಕೇಳಿಸುವ ಹನಿಗಿಂತ ಕೇಳಿಸದ ಹರಿವು ಅರವತ್ತು ಪಟ್ಟಿಗೂ ಹೆಚ್ಚು. ವ್ಯಾಪಾರದಲ್ಲಿಯೂ ಇದೇ ಮಾತು ಸಲ್ಲುತ್ತದೆ: ಕಣ್ಣಿಗೆ ಬೀಳುವ ಖರ್ಚು ಅಂಗಡಿಯನ್ನು ಕೆಡಿಸುವುದು ಅಪರೂಪ.

2024ರ ಬೇಸಿಗೆಯಲ್ಲಿ ಬೆಂಗಳೂರು ಅನುಭವಿಸಿದ ನೀರಿನ ಬವಣೆ ಯಾರೂ ಮರೆತಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಜಿಲ್ಲಾಡಳಿತವು ಖಾಸಗಿ ಟ್ಯಾಂಕರುಗಳಿಗೆ ದರ ಗೊತ್ತುಪಡಿಸಿ, ಐದು ಕಿಲೋಮೀಟರಿನೊಳಗೆ 12,000 ಲೀಟರ್ ನೀರಿಗೆ 1,000 ರೂಪಾಯಿ ಎಂದು ನಿಗದಿಮಾಡಿತು. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಳಿ ಆದೇಶಿಸಿತು. ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ನೀರಿನ ಹರಿವನ್ನು ತಗ್ಗಿಸುವ ಏರೇಟರ್ ಅಳವಡಿಸಬೇಕೆಂದೂ ಸೂಚಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರಿನ ಸಾಮರ್ಥ್ಯ ಸೇರಿತು. 2025ರ ಏಪ್ರಿಲ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚಿನ ಅಂತರದ ನಂತರ ನೀರಿನ ದರವೂ ಏರಿತು. ಮೇಲೆ ಹೇಳಿದ ಒಂದು ಫ್ಲಶ್ ಟ್ಯಾಂಕಿನ ಸೋರಿಕೆಯನ್ನು 2024ರಲ್ಲಿ ನಿಗದಿಯಾದ ಟ್ಯಾಂಕರ್ ದರದಲ್ಲಿ ಲೆಕ್ಕ ಹಾಕಿದರೂ ವರ್ಷಕ್ಕೆ ಎಂಟೂವರೆ ಸಾವಿರ ರೂಪಾಯಿ ಮೀರುತ್ತದೆ. ಅದನ್ನು ನಿಲ್ಲಿಸಲು ಬೇಕಾದ ರಬ್ಬರ್ ಬಿಲ್ಲೆ ಮತ್ತು ಕೆಲಸಗಾರನ ಕೂಲಿ ಇದರ ಒಂದು ಸಣ್ಣ ಭಾಗ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಕೇಳುತ್ತಿದ್ದುದು ಇಂತಹುದನ್ನು ಕಂಡೇ ಇರಬೇಕು.

ಪತ್ತೆ ಹಚ್ಚುವುದು ಕಷ್ಟವೇನಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬೆರೆಸಿ ಅರ್ಧ ಗಂಟೆ ಬಿಟ್ಟು ನೋಡಿದರೆ, ಕಮೋಡಿನೊಳಗೆ ಬಣ್ಣ ಕಂಡರೆ ಸೋರಿಕೆ ಇದೆ ಎಂದೇ ಅರ್ಥ. ಅಂಗಡಿಗೆ ವಾರದ ರಜೆಯಿರುವ ಹಿಂದಿನ ರಾತ್ರಿ ಸಂಪು ಮತ್ತು ಮೇಲಿನ ತೊಟ್ಟಿಗಳ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಒಳಬರುವ ನೀರನ್ನೂ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಬೆಳಗ್ಗೆ ನೋಡಬೇಕು. ಗೆರೆಗಿಂತ ನೀರು ಇಳಿದಿದ್ದರೆ ಸಂಪಿನ ಬಿರುಕೋ, ಗೋಡೆಯೊಳಗಿನ ಪೈಪಿನ ಸೋರಿಕೆಯೋ ಇದೆಯೆಂದು ತಿಳಿಯಬಹುದು. ಹಳೆಯ ಕಟ್ಟಡಗಳಲ್ಲಿ ಜಿ.ಐ. ಪೈಪುಗಳು ಒಳಗಿನಿಂದ ತುಕ್ಕು ಹಿಡಿದು ಮೊದಲು ನೀರಿನ ರಭಸ ಕಡಿಮೆಯಾಗುತ್ತದೆ, ಬೆಳಗಿನ ಮೊದಲ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಪೈಪು ಒಡೆಯುವುದು ಅನಂತರದ ಮಾತು. ಮುನ್ಸೂಚನೆ ಕೊಡದೆ ಕೈಕೊಡುವ ಪೈಪುಗಳು ಕಡಿಮೆ. ಆ ಸೂಚನೆಯನ್ನು ಗಮನಿಸದ ಮಾಲೀಕರೇ ಹೆಚ್ಚು. ಮೇಲಿನ ತೊಟ್ಟಿಯ ಬಾಲ್‌ಕಾಕ್ ಕೆಟ್ಟು ನೀರು ತುಂಬಿ ಹರಿಯುವುದು, ಫೂಟ್ ವಾಲ್ವ್ ಕೆಟ್ಟು ಮೋಟಾರು ನೀರಿಲ್ಲದೆ ಒಣಗಿ ಓಡಿ ಸುಟ್ಟುಹೋಗುವುದು, ಇವೆರಡೂ ಸಣ್ಣ ಬಿಡಿಭಾಗವೊಂದನ್ನು ಸಕಾಲದಲ್ಲಿ ಬದಲಿಸಿದ್ದರೆ ತಪ್ಪುತ್ತಿದ್ದ ನಷ್ಟಗಳು.

ನಿಂತ ನೀರಿಗೂ ಬೆಲೆ ತೆರಬೇಕಾಗುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಮುಚ್ಚಳವಿಲ್ಲದ ಸಂಪು, ತೊಟ್ಟಿ, ಏರ್‌ಕೂಲರ್‌ಗಳ ತಿಳಿನೀರಿನಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಟ್ಟ ಮನೆ ಹಾಗೂ ವಾಣಿಜ್ಯ ಸ್ಥಳಗಳ ಮಾಲೀಕರಿಗೆ ದಂಡವನ್ನು ನಿಗದಿಪಡಿಸಿತು. ದಂಡದ ಮೊತ್ತ ದೊಡ್ಡದಲ್ಲ. ಆದರೆ ನಾಲ್ವರು ಕೆಲಸಗಾರರಿರುವ ಘಟಕದಲ್ಲಿ ಇಬ್ಬರು ಜ್ವರದಿಂದ ಎರಡು ವಾರ ಮಲಗಿದರೆ ಆಗುವ ನಷ್ಟವನ್ನು ಯಾವ ದಂಡದ ಪಟ್ಟಿಯೂ ಹೇಳುವುದಿಲ್ಲ.

ಬಿಸಿನೀರು: ಹಂಡೆಯಿಂದ ಗೀಸರಿಗೆ

ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಗೆ ನಿರ್ವಹಣೆಯೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದಷ್ಟೇ ಆಗಿತ್ತು. ಹುಳಿ ಹಾಕಿ ತಿಕ್ಕಿದಾಗ ಹಂಡೆಯ ಒಳಗೆ ಕಟ್ಟಿದ ಬಿಳಿಯ ಪದರವೂ ಕರಗುತ್ತಿತ್ತು. ಗೀಸರ್ ಬಂದ ಮೇಲೆ ಆ ಪದರ ಕಣ್ಣಿಗೆ ಮರೆಯಾಯಿತೇ ಹೊರತು ಇಲ್ಲವಾಗಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿಯೂ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿಯೂ ಕೊಳವೆಬಾವಿಯ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಲೆಂದು ಬಯಸುತ್ತದೆ; ಬೇರೆ ನೀರು ಸಿಗದಿದ್ದಾಗ 600ರವರೆಗೆ ಸಹಿಸುತ್ತದೆ. ಇಂತಹ ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಬೇರ್ಪಟ್ಟು ಕಾಯುವ ಕಡ್ಡಿಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕಡ್ಡಿಯ ಶಾಖ ನೀರಿಗೆ ತಲುಪುವುದು ನಿಧಾನವಾಗಿ, ಕಡ್ಡಿಯೇ ಅತಿಯಾಗಿ ಕಾದು ಒಂದು ದಿನ ಸುಟ್ಟುಹೋಗುತ್ತದೆ.

ಗೀಸರಿನೊಳಗೆ ಮೆಗ್ನೀಸಿಯಂ ಲೋಹದ ಒಂದು ಸರಳಿರುತ್ತದೆ. ಕೆಲಸಗಾರರು ಅದನ್ನು ಆನೋಡ್ ಎನ್ನುತ್ತಾರೆ. ಉಕ್ಕಿನ ತೊಟ್ಟಿಗೆ ಬರಬೇಕಾದ ತುಕ್ಕನ್ನು ತಾನು ತೆಗೆದುಕೊಂಡು ಸವೆಯುವುದೇ ಅದರ ಕೆಲಸ. ಲವಣದಂಶ ಹೆಚ್ಚಿರುವ ನೀರಿನಲ್ಲಿ ಅದು ಬೇಗನೆ ಸವೆಯುತ್ತದೆ. ಸವೆದ ಸರಳನ್ನು ಬದಲಿಸಿದರೆ ತೊಟ್ಟಿ ಉಳಿಯುತ್ತದೆ. ಬದಲಿಸದಿದ್ದರೆ ಆ ಮೇಲಿನ ಸವೆತ ತೊಟ್ಟಿಯದೇ. ಸವಕಳಿ ನಿಧಿಯೆಂದರೇನೆಂದು ವಾಣಿಜ್ಯ ವಿದ್ಯಾರ್ಥಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೂ ಗೀಸರ್ ಕೊಂಡ ಹತ್ತು ಮಂದಿಯನ್ನು ವಿಚಾರಿಸಿದರೆ ಈ ಸರಳಿನ ಹೆಸರು ಕೇಳಿದವರು ಒಬ್ಬಿಬ್ಬರು ಸಿಗುವುದೂ ಕಷ್ಟ.

ವಿದ್ಯುತ್ತಿನ ಲೆಕ್ಕವೂ ಸರಳವಾಗಿದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು. ಸ್ನಾನಕ್ಕೆ ಅಷ್ಟು ಬಿಸಿ ಬೇಕಿಲ್ಲ. ತಣ್ಣೀರು ಬೆರೆಸಿಯೇ ಬಳಸಬೇಕಾಗುತ್ತದೆ. ಗೀಸರನ್ನು ದಿನವಿಡೀ ಹಾಕಿಟ್ಟರೆ ತೊಟ್ಟಿ ಆರಿದಂತೆಲ್ಲ ಮತ್ತೆ ಮತ್ತೆ ಕಾಯುತ್ತದೆ, ಬಳಸದ ಬಿಸಿಗೂ ಬಿಲ್ಲು ಬರುತ್ತದೆ. ಮಾಳಿಗೆಯ ಮೇಲಿನ ಸೌರ ಹೀಟರಿಗೆ ಇಂಧನದ ಖರ್ಚಿಲ್ಲವೆಂಬುದು ನಿಜ, ಪಾಲನೆಯ ಖರ್ಚಿಲ್ಲವೆಂಬುದು ನಿಜವಲ್ಲ. ಗಾಜಿನ ಮೇಲಿನ ಧೂಳನ್ನು ಒರೆಸದಿದ್ದರೆ, ಗಡಸು ನೀರಿನಿಂದ ತಾಮ್ರದ ಸಣ್ಣ ಕೊಳವೆಗಳು ಕಟ್ಟಿಕೊಂಡರೆ, ಸೂರ್ಯ ಕಾದರೂ ನೀರು ಕಾಯದು.

ಹಣದ ಮಾತಿಗಿಂತ ದೊಡ್ಡದಾದುದು ಜೀವದ ಮಾತು. ಗೀಸರಿನ ಪಕ್ಕದ ಸುರಕ್ಷಾ ಕವಾಟದಿಂದ ಆಗಾಗ ನಾಲ್ಕು ಹನಿ ನೀರು ಬೀಳುವುದು ಒಳಗಿನ ಒತ್ತಡ ಹೊರಹೋಗುವ ಲಕ್ಷಣ. ಅದನ್ನು ಸೋರಿಕೆಯೆಂದು ತಿಳಿದು ಬಿರಡೆ ಬಡಿದು ಮುಚ್ಚಿಸುವವರಿದ್ದಾರೆ. ತಾಪಮಾನ ನಿಯಂತ್ರಕವೂ ಅದೇ ವೇಳೆ ಕೆಟ್ಟರೆ ಆ ತೊಟ್ಟಿ ಸಿಡಿಯುವ ಸಂಭವವಿರುತ್ತದೆ. ಅರ್ಥಿಂಗ್ ಸರಿಯಿಲ್ಲದ ಬಚ್ಚಲಿನಲ್ಲಿ ಒದ್ದೆಗೈಯಿಂದ ನಲ್ಲಿ ಮುಟ್ಟುವುದೂ ಅಪಾಯಕರ. 30 ಮಿಲಿಆಂಪಿಯರಿನ ಸೋರುವಿದ್ಯುತ್ ರಕ್ಷಕವೊಂದನ್ನು ಹಾಕಿಸಿದರೆ ಆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಗ್ಯಾಸ್ ಗೀಸರಿನ ವಿಷಯವಂತೂ ಇನ್ನೂ ಗಂಭೀರ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಕುಸಿದು ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ ಗಾಳಿಯಾಡುವ ಜಾಗದಲ್ಲಿಯೇ ಇರಬೇಕು. ಇದರಲ್ಲಿ ಖರ್ಚಿನ ನೆಪ ಹೇಳುವಂತಿಲ್ಲ.

ತಂಪು: ಗ್ಯಾಸ್ ಖಾಲಿಯಾಗುವುದಿಲ್ಲ

ಔಷಧಿ ಅಂಗಡಿ, ಮಿಠಾಯಿ ಅಂಗಡಿ, ಚಿನ್ನಬೆಳ್ಳಿ ಅಂಗಡಿ, ಕಂಪ್ಯೂಟರ್ ಇರುವ ಕಚೇರಿ, ಇವಕ್ಕೆಲ್ಲ ಎ.ಸಿ. ಈಗ ಐಷಾರಾಮದ ವಸ್ತುವಾಗಿ ಉಳಿದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದ ಮೇಲೆ ಕೊಳ್ಳುವುದೂ ಮೊದಲಿಗಿಂತ ಹಗುರವಾಯಿತು. ಕೊಳ್ಳುವಾಗ ತೋರಿಸುವ ಆಸಕ್ತಿ ನೋಡಿಕೊಳ್ಳುವಾಗ ಇರುವುದಿಲ್ಲವೆಂಬುದೇ ದೂರು.

ಎ.ಸಿ. ತಂಪು ಕಡಿಮೆಯಾದಾಗ ಬರುವ ಕೆಲಸಗಾರ ಸಾಮಾನ್ಯವಾಗಿ ಹೇಳುವ ಮಾತು ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಎಂದು. ಮಾಲೀಕರೂ ಒಪ್ಪಿ ಹಣ ಕೊಡುತ್ತಾರೆ. ಮುಂದಿನ ಬೇಸಿಗೆಗೆ ಮತ್ತದೇ ಮಾತು. ವಾಸ್ತವದಲ್ಲಿ ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂತಹುದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲಿಯೋ ತೂತಾಗಿದೆ ಎಂದೇ ಅರ್ಥ. ತೂತನ್ನು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿಸುವುದು, ಗಲ್ಲಾಪೆಟ್ಟಿಗೆಯ ತಳ ಒಡೆದಿರುವಾಗ ದಿನವೂ ಹಣ ಸುರಿದಂತೆ. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಗ್ಯಾಸಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸ್ ಬಳಸುವ ಹೊಸ ಯಂತ್ರಗಳ ತಯಾರಿಕೆ ಭಾರತದಲ್ಲಿ 2025ರ ಜನವರಿ 1ರಿಂದ ನಿಂತಿದೆ. ಹೊಸ ಯಂತ್ರಗಳಲ್ಲಿ ಬಳಕೆಗೆ ಬಂದಿರುವ ಆರ್-32, ಆರ್-290 ಗ್ಯಾಸುಗಳಿಗೆ ಬೆಂಕಿ ಹತ್ತುವ ಗುಣವಿದೆ. ಆರ್-290ಕ್ಕೆ ಅದು ಹೆಚ್ಚು. ತರಬೇತಿಯಿಲ್ಲದವರ ಕೈಗೆ ಇಂತಹ ಯಂತ್ರವನ್ನು ಒಪ್ಪಿಸಿ ಕೂಲಿಯಲ್ಲಿ ಇನ್ನೂರು ರೂಪಾಯಿ ಉಳಿಸುವುದು ಜಾಣತನವಲ್ಲ.

ಉಳಿದ ಪಾಲನೆ ಮನೆಯವರೇ ಮಾಡಬಹುದಾದುದು. ಒಳಗಿನ ಜಾಲರಿಯನ್ನು ಧೂಳಿನ ಸ್ಥಳದಲ್ಲಿ ಹದಿನೈದು ದಿನಕ್ಕೊಮ್ಮೆ, ಇತರೆಡೆ ತಿಂಗಳಿಗೊಮ್ಮೆ ತೊಳೆದು ಒಣಗಿಸಬೇಕು. ಹೊರಗಿನ ಘಟಕದ ಸುತ್ತ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಬಾರದು. ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ನೀರು ಗೋಡೆಯೊಳಗೆ ಇಳಿಯುತ್ತದೆ. ಪ್ರದೇಶಕ್ಕೆ ತಕ್ಕಂತೆ ಕಾಳಜಿಯೂ ಬದಲಾಗುತ್ತದೆ: ಮಂಗಳೂರು, ಕಾರವಾರಗಳ ಉಪ್ಪುಗಾಳಿ ಹೊರಘಟಕದ ತೆಳು ರೆಕ್ಕೆಗಳನ್ನು ತಿನ್ನುತ್ತದೆ, ಕಲಬುರಗಿ, ರಾಯಚೂರುಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬಹುಜನರ ಆಸರೆಯಾದ ಕೂಲರಿನ ಹುಲ್ಲಿನ ಪ್ಯಾಡು ಗಡಸು ನೀರಿಗೆ ಕಲ್ಲಿನಂತಾಗುತ್ತದೆ. ತಾಪಮಾನವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲಿಯೇ ಆರಂಭವಾಗುವಂತೆ ನಿಯಮ ಮಾಡಿರುವುದೂ ಇದೇ ಕಾರಣಕ್ಕೆ.

ಲೆಕ್ಕಶಾಸ್ತ್ರ ಏನು ಹೇಳುತ್ತದೆ?

ಮುಂದೂಡಿದ ದುರಸ್ತಿ ಸಾಲವೇ ಆಗಿದ್ದರೆ ಅಢಾವೆ ಪತ್ರಿಕೆಯಲ್ಲಿ ಅದನ್ನು ಏಕೆ ತೋರಿಸುವುದಿಲ್ಲವೆಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಲೆಕ್ಕಪತ್ರ ಮಾನಕ 29ರಲ್ಲಿದೆ. ಐದು ವರ್ಷಕ್ಕೊಮ್ಮೆ ಒಳಪದರ ಬದಲಿಸಲೇಬೇಕಾದ ಕುಲುಮೆಯ ಉದಾಹರಣೆಯನ್ನು ಅದು ಕೊಡುತ್ತದೆ. ಮೂರು ವರ್ಷ ಕಳೆದಿದ್ದರೂ ಮುಂದಿನ ಬದಲಾವಣೆಯ ಖರ್ಚಿಗೆಂದು ಲೆಕ್ಕದಲ್ಲಿ ಅವಕಾಶ ಕಲ್ಪಿಸುವಂತಿಲ್ಲ. ಏಕೆಂದರೆ ವರ್ಷಾಂತ್ಯದ ದಿನ ಮಾಲೀಕನು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ, ಕುಲುಮೆಯನ್ನೇ ಮಾರಿಬಿಡುವ ಸ್ವಾತಂತ್ರ್ಯ ಅವನಿಗಿದೆ. ಬೆಳಗಾವಿಯ ಎರಕದ ಘಟಕಗಳ ಮಾಲೀಕರಿಗೆ ಈ ಉದಾಹರಣೆ ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರದ ದೃಷ್ಟಿಯಿಂದ ಈ ನಿಯಮ ಸರಿಯಾದುದೇ. ಆದರೆ ಅದರ ಪರಿಣಾಮವೆಂದರೆ, ಮುಂದೆ ಬರಲಿರುವ ದುರಸ್ತಿಯ ಭಾರವನ್ನು ಲೆಕ್ಕಪತ್ರ ಮಾಲೀಕನಿಗೆ ಎಂದಿಗೂ ತೋರಿಸುವುದಿಲ್ಲ. ಅದನ್ನು ಮಾಲೀಕ ತನ್ನ ಕಣ್ಣಿನಿಂದಲೇ ನೋಡಬೇಕು.

ತೆರಿಗೆಯ ಕಾನೂನು ಸಕಾಲದ ದುರಸ್ತಿಯ ಪರವಾಗಿದೆ. ವ್ಯಾಪಾರಕ್ಕೆ ಬಳಸುವ ಕಟ್ಟಡ, ಯಂತ್ರಗಳ ‘ಚಾಲ್ತಿ ದುರಸ್ತಿ’ಯ ಖರ್ಚನ್ನು ಆಯಾ ವರ್ಷದ ಲಾಭದಿಂದ ಪೂರ್ತಿಯಾಗಿ ಕಳೆಯಬಹುದು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ಖರ್ಚು ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸ್ಪಷ್ಟಪಡಿಸಿತು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರ ದಿನಾಂಕದಿಂದ 2025ರ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾದರೂ ಈ ತತ್ತ್ವ ಮುಂದುವರಿದಿದೆ. ಸೋರುವ ಪೈಪಿನ ತುಂಡು, ಗೀಸರಿನ ಕಡ್ಡಿ, ಎ.ಸಿ.ಯ ವಾರ್ಷಿಕ ಸರ್ವಿಸ್, ಇವು ಸಾಮಾನ್ಯವಾಗಿ ಆ ವರ್ಷದ ಖರ್ಚು. ನೋಡಿಕೊಳ್ಳದೆ ಕೆಡಿಸಿ ಹೊಸ ಎ.ಸಿ. ಕೊಂಡರೆ ಅದು ಬಂಡವಾಳ ವೆಚ್ಚ; ಸವಕಳಿಯ ರೂಪದಲ್ಲಿ ಹಲವು ವರ್ಷ ಕಾದು ಪಡೆಯಬೇಕು. ಮುಂದಿನ ದುರಸ್ತಿಗೆಂದು ಬೇರೆಯಾಗಿ ತೆಗೆದಿಟ್ಟ ಹಣಕ್ಕೆ, ಅದನ್ನು ಖರ್ಚು ಮಾಡುವವರೆಗೆ ವಿನಾಯಿತಿ ಇಲ್ಲವೆಂಬುದನ್ನೂ ನೆನಪಿಡಬೇಕು.

ಜಿ.ಎಸ್.ಟಿ.ಯಲ್ಲಿ ನೋಂದಾಯಿತರಾದವರಿಗೆ ವ್ಯಾಪಾರದ ಕಟ್ಟಡದ ದುರಸ್ತಿಯ ಮೇಲೆ ಕೊಟ್ಟ ತೆರಿಗೆಗೆ, ಆ ಖರ್ಚನ್ನು ಬಂಡವಾಳಕ್ಕೆ ಸೇರಿಸದಿದ್ದರೆ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಪ್ಲಂಬರ್ ನೋಂದಾಯಿತನಲ್ಲದಿದ್ದರೂ ಹಾರ್ಡ್‌ವೇರ್ ಅಂಗಡಿಯ ಸಾಮಗ್ರಿಗೆ ಸಂಸ್ಥೆಯ ಹೆಸರು, ಜಿ.ಎಸ್.ಟಿ. ಸಂಖ್ಯೆ ಬರೆಸಿದ ಬಿಲ್ಲನ್ನು ಪಡೆಯಬಹುದು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಕೆಳಗೆ ಅಂಗಡಿ, ಮೇಲೆ ಮನೆ ಇರುವವರು ಮನೆಯ ಪಾಲನ್ನು ಪ್ರಾಮಾಣಿಕವಾಗಿ ಬೇರ್ಪಡಿಸಬೇಕು. ವಿಸ್ತೀರ್ಣದ ಆಧಾರದ ಮೇಲೆ ಒಂದು ಪ್ರಮಾಣವನ್ನು ಬರೆದಿಟ್ಟು ಪ್ರತಿವರ್ಷ ಅದನ್ನೇ ಅನುಸರಿಸಿದರೆ ಅಧಿಕಾರಿಗಳ ಮುಂದೆ ಸಮರ್ಥಿಸಿಕೊಳ್ಳುವುದು ಸುಲಭ.

ಬಾಡಿಗೆ ಕಟ್ಟಡಗಳಲ್ಲಿ ದುರಸ್ತಿ ಯಾರದೆಂಬ ಜಗಳ ಮುಗಿಯುವುದೇ ಇಲ್ಲ. ಕಟ್ಟಡದ ಬಾಡಿಗೆಯನ್ನು ಮನೆ ಆಸ್ತಿಯ ಆದಾಯವಾಗಿ ತೋರಿಸುವ ಮಾಲೀಕರಿಗೆ ಕಾನೂನು ನಿವ್ವಳ ವಾರ್ಷಿಕ ಮೌಲ್ಯದ ಶೇ. 30ರಷ್ಟನ್ನು, ಖರ್ಚು ಮಾಡಿದರೂ ಮಾಡದಿದ್ದರೂ, ಕಳೆದುಕೊಡುತ್ತದೆ. ತಿಂಗಳಿಗೆ 20,000 ರೂಪಾಯಿ ಬಾಡಿಗೆ ಬಂದರೆ, ಪುರಸಭೆಯ ತೆರಿಗೆಯನ್ನು ಬಿಟ್ಟು ನೋಡಿದಾಗ, ವರ್ಷಕ್ಕೆ 72,000 ರೂಪಾಯಿಗೆ ತೆರಿಗೆಯಿಲ್ಲ. ಅದರಲ್ಲಿ ಒಂದು ಪೈಸೆಯನ್ನೂ ಕಟ್ಟಡಕ್ಕೆ ಹಾಕದೆ, ‘ನಲ್ಲಿ ನೀವೇ ಸರಿಮಾಡಿಸಿಕೊಳ್ಳಿ’ ಎನ್ನುವ ಮಾಲೀಕರು ಆ ವಿನಾಯಿತಿಯ ಉದ್ದೇಶವನ್ನೇ ಮರೆತಿದ್ದಾರೆ. ಬಾಡಿಗೆದಾರರೂ ಕರಾರಿನಲ್ಲಿ ಯಾವ ದುರಸ್ತಿ ಯಾರದೆಂದು ಬರೆಸಿಕೊಳ್ಳಬೇಕು. ದುರಸ್ತಿಯ ಹೊಣೆ ಹೊತ್ತ ಬಾಡಿಗೆದಾರನಿಗೆ ಆ ಖರ್ಚು ತೆರಿಗೆಯಲ್ಲಿ ಸಲ್ಲುತ್ತದೆ. ಮಾಲೀಕನು ತಾನು ಮಾಡಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಂ ಅವಕಾಶ ಕೊಡುತ್ತದೆ.

ಆಕ್ಷೇಪಗಳು

ಸಣ್ಣ ವ್ಯಾಪಾರಿಗಳು ಹೇಳುವ ತೊಂದರೆಗಳು ಸುಳ್ಳೇನಲ್ಲ. ಕರೆದರೆ ಪ್ಲಂಬರ್ ಬರುವುದಿಲ್ಲ. ಬಂದರೆ ಒಂದು ಸರಿಮಾಡಿ ಮತ್ತೊಂದನ್ನು ಕೆಡಿಸುತ್ತಾನೆ. ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಕೊಂಡರೆ ಬಿಡಿಭಾಗಕ್ಕೆ ಮತ್ತೆ ಹಣ ಕೇಳುತ್ತಾರೆ. ಒಪ್ಪಂದದಲ್ಲಿ ಬಿಡಿಭಾಗ, ಗ್ಯಾಸ್, ಕಂಪ್ರೆಸರ್ ಸೇರಿವೆಯೇ ಇಲ್ಲವೇ ಎಂದು ಓದಿ ಸಹಿ ಮಾಡುವವರು ಕಡಿಮೆಯೆಂಬುದೂ ಅಷ್ಟೇ ನಿಜ. ಒಂದೇ ಎ.ಸಿ. ಇರುವ ಅಂಗಡಿಗೆ ಒಪ್ಪಂದದ ಅಗತ್ಯವೇ ಇಲ್ಲದಿರಬಹುದು. ಬೇಸಿಗೆಗೆ ಮುನ್ನ ಒಮ್ಮೆ ಹಣ ಕೊಟ್ಟು ಸರ್ವಿಸ್ ಮಾಡಿಸಿದರೆ ಸಾಕಾದೀತು. ಇದನ್ನು ಲೆಕ್ಕ ಹಾಕಿ ತೀರ್ಮಾನಿಸಬೇಕು.

ಕೆಲಸಗಾರರ ವಿಷಯದಲ್ಲಿ ತಪ್ಪು ಎರಡೂ ಕಡೆ ಇದೆ. ಐ.ಟಿ.ಐ.ಗಳಲ್ಲಿ ಪ್ಲಂಬರ್ ವೃತ್ತಿಗೆ ಒಂದು ವರ್ಷ, ಶೀತಲೀಕರಣ ಮತ್ತು ಹವಾನಿಯಂತ್ರಣ ವೃತ್ತಿಗೆ ಎರಡು ವರ್ಷ ತರಬೇತಿಯಿದೆ. ಹೀಗೆ ಕಲಿತು ಬಂದವನಿಗೂ ಕಲಿಯದೆ ಬಂದವನಿಗೂ ಒಂದೇ ಕೂಲಿ ಕೊಟ್ಟು, ಅದರಲ್ಲಿಯೂ ಚೌಕಾಸಿ ಮಾಡಿದರೆ, ಕಲಿತವನು ಆ ವೃತ್ತಿಯಲ್ಲಿ ಏಕೆ ನಿಲ್ಲಬೇಕು? ಅಂಗಡಿಗೆ ಗುಮಾಸ್ತನನ್ನು ಆರಿಸುವಾಗ ತೋರುವ ಎಚ್ಚರಿಕೆಯ ಕಾಲುಭಾಗವನ್ನಾದರೂ ಇಲ್ಲಿ ತೋರಬೇಕು.

ಮಾಡಬೇಕಾದುದು

ಮೊದಲನೆಯದಾಗಿ, ಪ್ರತಿ ಅಂಗಡಿ, ಮನೆ, ಘಟಕಗಳಲ್ಲಿ ಒಂದು ದುರಸ್ತಿ ವಹಿ ಇರಲಿ. ಸಂಪು, ಮೋಟಾರು, ಗೀಸರ್, ಎ.ಸಿ.ಗಳಿಗೆ ತಲಾ ಒಂದು ಪುಟ. ಕೊಂಡ ದಿನಾಂಕ, ಖಾತರಿಯ ಅವಧಿ, ಕೊನೆಯ ಬಾರಿ ನೋಡಿಸಿದ ದಿನ, ಕೊಟ್ಟ ಹಣ, ಬಂದವರ ದೂರವಾಣಿ ಸಂಖ್ಯೆ. ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ಖರ್ಚು ಬೀಳುತ್ತಿದ್ದರೆ ಆ ಪುಟವೇ ಹೇಳುತ್ತದೆ. ಎರಡನೆಯದಾಗಿ, ಕಾಲಕ್ಕೆ ತಕ್ಕ ಕ್ರಮವಿರಲಿ: ಫೆಬ್ರವರಿಯಲ್ಲಿ ಎ.ಸಿ., ಕೂಲರ್, ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಮಾಳಿಗೆಯ ನೀರು ಹೋಗುವ ಕೊಳವೆ, ಮೋರಿ, ಸಂಪಿನ ಮುಚ್ಚಳ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆಯುವ ಪದ್ಧತಿ ಹೇಗೂ ಇದೆ, ಗೀಸರ್ ಪರೀಕ್ಷೆಯನ್ನೂ ಅದಕ್ಕೇ ಸೇರಿಸಿಕೊಳ್ಳಬಹುದು. ಮೂರನೆಯದಾಗಿ, ತಿಂಗಳಿಗೆ ಇಂತಿಷ್ಟೆಂದು ಬೇರೆ ಉಳಿತಾಯ ಖಾತೆಗೆ ಹಾಕಬೇಕು. 12,000 ರೂಪಾಯಿಯ ಗೀಸರ್ ಎಂಟು ವರ್ಷ ಬಾಳುವುದೆಂದು ಅಂದಾಜಿಸಿದರೆ ತಿಂಗಳಿಗೆ 125 ರೂಪಾಯಿ. ಹೀಗೆ ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವೇ ಆ ಕಟ್ಟಡದ ನಿಜವಾದ ಖರ್ಚು.

ನೀರಿನ ನಲ್ಲಿ, ವಾಲ್ವ್, ಹೀಟರ್ ತಯಾರಿಸುವ ಮತ್ತು ಮಾರುವ ಉದ್ಯಮಿಗಳ ಹೊಣೆಯೂ ಇದರಲ್ಲಿದೆ. ಸರಕಿನೊಂದಿಗೆ ಕನ್ನಡದಲ್ಲಿ ಒಂದು ಪುಟದ ಪಾಲನೆಯ ಸೂಚನೆ, ಎರಡು ಹೆಚ್ಚುವರಿ ವಾಷರ್ ಕೊಟ್ಟರೆ ತಗಲುವ ವೆಚ್ಚ ಅತ್ಯಲ್ಪ. ಬಿಡಿಭಾಗ ಸಿಗದ ಸರಕನ್ನು ಗ್ರಾಹಕ ಎರಡನೆಯ ಬಾರಿ ಕೊಳ್ಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ಆರಂಭಿಸಿದ್ದು ಕಾಲ ಯಾವ ಕಡೆಗೆ ಸಾಗುತ್ತಿದೆಯೆಂಬುದರ ಸೂಚನೆ. ವಾಣಿಜ್ಯ ಮಂಡಳಿಗಳು ತರಬೇತಿ ಪಡೆದ ಕೆಲಸಗಾರರ ಪಟ್ಟಿಯೊಂದನ್ನು ನ್ಯಾಯಯುತ ದರದೊಂದಿಗೆ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಬಹುದು. ಒಂದೇ ಸಾಲಿನ ಹತ್ತು ಅಂಗಡಿಗಳು ಒಟ್ಟಾಗಿ ನಿರ್ವಹಣೆಯ ಒಪ್ಪಂದ ಮಾಡಿಕೊಂಡರೆ ದರವೂ ಇಳಿಯುತ್ತದೆ, ಕೆಲಸಗಾರನಿಗೂ ಖಚಿತ ಆದಾಯ ದೊರೆಯುತ್ತದೆ.

ಹನಿಹನಿಗೂಡಿದರೆ ಹಳ್ಳವೆಂಬ ಮಾತನ್ನು ವ್ಯಾಪಾರಸ್ಥರು ಉಳಿತಾಯದ ಸಂದರ್ಭದಲ್ಲಿ ಬಳಸುತ್ತಾರೆ. ಸೋರಿಕೆಗೂ ಅದೇ ಲೆಕ್ಕ ಅನ್ವಯಿಸುತ್ತದೆ. ಈ ವರ್ಷದ ಲೆಕ್ಕ ಮುಗಿಸುವ ಮುನ್ನ ವ್ಯಾಪಾರಿ ಬಾಂಧವರು ದಾಸ್ತಾನಿನ ಎಣಿಕೆಗೆ ಮೀಸಲಿಟ್ಟ ದಿನದಲ್ಲಿ ಒಂದು ಗಂಟೆಯನ್ನು ಉಳಿಸಿಕೊಂಡು, ಸಂಪಿನಿಂದ ಮಾಳಿಗೆಯವರೆಗೆ ಒಮ್ಮೆ ನಡೆದು ನೋಡುವುದು ಒಳಿತು. ಅಲ್ಲಿ ಕಂಡದ್ದನ್ನು ವಹಿಯ ಮೊದಲ ಪುಟದಲ್ಲಿ ಬರೆದರೆ, ತೀರಿಸಬೇಕಾದ ಸಾಲವೆಷ್ಟೆಂಬುದು ಅಂದೇ ತಿಳಿಯುತ್ತದೆ.